ಗೊತ್ತಾಗುವ ಮೊದಲೇ ಮುಗಿದುಹೋಗುವ ವಾರ

ಅಂಡಾಶಯದಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಡರ್ಮಾಯ್ಡ್ ಸಿಸ್ಟ್ ಎಂಬುದೊಂದಿದೆ. ಅಪರೂಪದ್ದೇನಲ್ಲ, ದೊಡ್ಡ ಆಸ್ಪತ್ರೆಗಳ ಪೆಥಾಲಜಿ ವಿಭಾಗದವರು ಆಗಾಗ ನೋಡುತ್ತಲೇ ಇರುತ್ತಾರೆ. ಆಪರೇಷನ್ ಮಾಡಿ ತೆಗೆದ ಗಡ್ಡೆಯನ್ನು ಮೇಜಿನ ಮೇಲಿಟ್ಟು ಸೀಳಿದರೆ ಮೊದಲು ಸಿಗುವುದು ಹಳದಿ ಜಿಡ್ಡು. ಮೈಯ ಬಿಸಿಗೆ ಕರಗಿದ್ದದ್ದು ಹೊರಗಿನ ತಂಪಿಗೆ ಗಟ್ಟಿಯಾಗಿರುತ್ತದೆ. ಅದನ್ನು ಒರೆಸಿ ತೆಗೆದರೆ ಒದ್ದೆಯಾಗಿ ಸುತ್ತಿಕೊಂಡ ಕೂದಲಿನ ಗಂಟು. ಗೋಡೆಯ ಒಂದು ಕಡೆ ಸಣ್ಣ ಉಬ್ಬು. ಎಷ್ಟೋ ಸಲ ಆ ಉಬ್ಬಿನಲ್ಲಿ ಹಲ್ಲು ಇರುತ್ತದೆ, ಬಿಳಿ ಎನಾಮಲ್ ಹೊದ್ದ ಸಾಚಾ ಹಲ್ಲು. ಸೂಕ್ಷ್ಮದರ್ಶಕದಡಿ ಇಟ್ಟರೆ ಕೊಬ್ಬು, ಮೃದ್ವಸ್ಥಿ, ಕೆಲವೊಮ್ಮೆ ಥೈರಾಯ್ಡ್ ಗ್ರಂಥಿಯ ತುಣುಕು, ಮಿದುಳಿನ ಅಂಗಾಂಶ ಕೂಡ ಕಾಣುತ್ತದೆ.

ಇದರಲ್ಲಿ ಮಾಟ-ಮಂತ್ರ ಏನೂ ಇಲ್ಲ. ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಂಡ ಅವಳಿಯೂ ಇದಲ್ಲ. ಅಂಡವಾಗಬೇಕಿದ್ದ ಒಂದು ಜೀವಕೋಶ ವೀರ್ಯಾಣುವಿಗೆ ಕಾಯದೆ ತನ್ನಷ್ಟಕ್ಕೆ ತಾನೇ ಬೆಳೆಯಲು ಹೊರಟಿದೆ, ಅಷ್ಟೆ. ಕೂದಲು ಮಾಡುವುದು ಅದಕ್ಕೆ ಗೊತ್ತಿತ್ತು, ಹಲ್ಲು ಮಾಡುವುದೂ ಗೊತ್ತಿತ್ತು. ಯಾವುದು ಎಲ್ಲಿರಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಮನುಷ್ಯನ ಮೈಗೆ ಬೇಕಾದ ಮೂರೂ ಮೂಲಪದರಗಳ ಸಾಮಗ್ರಿ ಆ ಗಡ್ಡೆಯಲ್ಲಿ ಇರುತ್ತದೆ, ಮೈ ಇರುವುದಿಲ್ಲ. ತಲೆ ಯಾವ ಕಡೆ, ಬಾಲ ಯಾವ ಕಡೆ, ಬೆನ್ನೆಲ್ಲಿ, ಹೊಟ್ಟೆಯೆಲ್ಲಿ, ಎಡ ಯಾವುದು, ಬಲ ಯಾವುದು ಎಂಬ ಲೆಕ್ಕ ಆಗದೆ ಹೋದರೆ ಸಾಮಗ್ರಿ ಎಷ್ಟಿದ್ದರೂ ಗಡ್ಡೆಯೇ ಗತಿ.

ನಮ್ಮ ನಿಮ್ಮೆಲ್ಲರ ವಿಷಯದಲ್ಲಿ ಆ ಲೆಕ್ಕ ಶುರುವಾದದ್ದು ತಾಯಿಯ ಗರ್ಭದಲ್ಲಿ ಕಳೆದ ಮೂರನೇ ವಾರದಲ್ಲಿ. ಗ್ಯಾಸ್ಟ್ರುಲೇಷನ್ ಎಂದು ಕರೆಯುತ್ತಾರೆ. ಹುಟ್ಟು, ಮದುವೆ, ಸಾವು ಇವೆಲ್ಲಕ್ಕಿಂತ ನಿಮ್ಮ ಬದುಕಿನ ದೊಡ್ಡ ಘಟನೆ ಇದೇ ಎಂದು ಬ್ರಿಟನ್ನಿನ ಜೀವವಿಜ್ಞಾನಿ ಲೂಯಿಸ್ ವೋಲ್ಪರ್ಟ್ ಹೇಳುತ್ತಿದ್ದರು. ಕ್ಲಾಸಿನಲ್ಲಿ ಹುಡುಗರನ್ನು ನಗಿಸಲು ಹೇಳಿದ ಮಾತಿನಂತೆ ಕೇಳಿದರೂ ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಮೂರನೇ ವಾರ ಅಂದಾಗ ಒಂದು ಲೆಕ್ಕ ಸ್ಪಷ್ಟವಾಗಿರಬೇಕು. ತಾಯಿ ಕಾರ್ಡಿನಲ್ಲಿ ಬರೆಯುವ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಭ್ರೂಣದ ನಿಜವಾದ ವಯಸ್ಸು ಅದಕ್ಕಿಂತ ಸುಮಾರು ಎರಡು ವಾರ ಕಡಿಮೆ. ಅಂದರೆ ಭ್ರೂಣದ ಮೂರನೇ ವಾರ ಎಂದರೆ ಕಾರ್ಡಿನ ಲೆಕ್ಕದಲ್ಲಿ ಐದನೇ ವಾರ. 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವ ಹೆಂಗಸಿಗೆ ಆಗ ತಾನೇ ಒಂದೆರಡು ದಿನ ತಡವಾಗಿರುತ್ತದೆ. ತಿರುಗಾಟವೋ ಟೆನ್ಷನ್ನೋ ಕಾರಣವಿರಬೇಕು ಎಂದುಕೊಂಡು ಆಕೆ ಸುಮ್ಮನಿರುವ ದಿನಗಳವು. ಮೆಡಿಕಲ್ ಶಾಪಿನಿಂದ ಟೆಸ್ಟ್ ಕಿಟ್ ಇನ್ನೂ ಬಂದಿರುವುದಿಲ್ಲ. ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿರುವುದಿಲ್ಲ. ಒಳಗೆ ಮಾತ್ರ ಮಗುವಿನ ಮೈಯ ನಕ್ಷೆ ತಯಾರಾಗುತ್ತಿರುತ್ತದೆ.

ಎರಡನೇ ವಾರದ ಕೊನೆಗೆ ಭ್ರೂಣ ಎಂಬುದು ಒಂದು ಚಪ್ಪಟೆ ತಟ್ಟೆ. ಅಡ್ಡಳತೆ ಒಂದು ಮಿಲಿಮೀಟರಿಗೂ ಕಡಿಮೆ. ಅದರಲ್ಲಿ ಒಂದರ ಮೇಲೊಂದು ಎರಡೇ ಹಾಳೆ: ಮೇಲಿನದು ಎಪಿಬ್ಲಾಸ್ಟ್, ಕೆಳಗಿನದು ಹೈಪೋಬ್ಲಾಸ್ಟ್. ಮುಂದೆ ಮಗುವಾಗುವುದು ಮೇಲಿನ ಹಾಳೆ. ಕೆಳಗಿನದರ ಪಾತ್ರ ಹೆಚ್ಚಾಗಿ ನೇಪಥ್ಯದ್ದು.

ಹದಿನೈದನೇ ದಿನದ ಆಸುಪಾಸಿನಲ್ಲಿ ತಟ್ಟೆಯ ಒಂದು ತುದಿಯಿಂದ ನಡುವಿನ ಕಡೆಗೆ ಒಂದು ಗೆರೆ ಮೂಡುತ್ತದೆ. ಪ್ರಿಮಿಟಿವ್ ಸ್ಟ್ರೀಕ್, ಆದಿರೇಖೆ ಅನ್ನೋಣ. ಗೆರೆ ಮೂಡಿದ ಕಡೆ ಬಾಲದ ತುದಿ, ಎದುರಿನದು ತಲೆಯ ತುದಿ. ಎರಡು ದಿಕ್ಕು ಗೊತ್ತಾದವು. ಗೆರೆಯ ಆಚೆಗೊಂದು ಈಚೆಗೊಂದು ಪಕ್ಕ ಎಂದೂ ಆಯಿತು.

ಆಮೇಲಿನದು ಜೀವಕೋಶಗಳ ವಲಸೆ. ಎಪಿಬ್ಲಾಸ್ಟಿನ ಕೋಶಗಳು ಅಲ್ಲಿಯತನಕ ಅಕ್ಕಪಕ್ಕದವುಗಳ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಆ ಅಂಟು. ಆದಿರೇಖೆಯ ಬಳಿ ಬರುತ್ತಿದ್ದಂತೆ ಕೋಶ ಆ ಪ್ರೋಟೀನನ್ನು ತಯಾರಿಸುವುದು ನಿಲ್ಲಿಸುತ್ತದೆ, ಕತ್ತು ಸಪೂರ ಮಾಡಿಕೊಂಡು ಬುಡ ದಪ್ಪಗಾಗುತ್ತದೆ, ಪಕ್ಕದವರ ಕೈಬಿಟ್ಟು ಗೆರೆಯೊಳಗೆ ಇಳಿಯುತ್ತದೆ. ಮೊದಲ ತಂಡಗಳು ತಳ ತಲುಪಿ, ಅಲ್ಲಿದ್ದ ಹೈಪೋಬ್ಲಾಸ್ಟನ್ನು ಪಕ್ಕಕ್ಕೆ ತಳ್ಳಿ ಆ ಜಾಗ ಹಿಡಿಯುತ್ತವೆ. ಇದು ಒಳಪದರ, ಎಂಡೋಡರ್ಮ್. ನಂತರ ಇಳಿದವು ಎರಡು ಹಾಳೆಗಳ ನಡುವೆ ಹರಡಿಕೊಳ್ಳುತ್ತವೆ. ಇದು ನಡುಪದರ, ಮೀಸೋಡರ್ಮ್. ಇಳಿಯದೆ ಮೇಲೆಯೇ ಉಳಿದುಕೊಂಡವು ಹೊರಪದರ, ಎಕ್ಟೋಡರ್ಮ್. ಮೂರೂ ಒಂದೇ ಹಾಳೆಯ ಮಕ್ಕಳು. ಎರಡು ಹಾಳೆ ಇದ್ದದ್ದಕ್ಕೆ ಮೂರನೆಯದೊಂದು ಸೇರಿತು ಎಂದು ಬಹಳ ಜನ ತಿಳಿದುಕೊಂಡಿರುತ್ತಾರೆ. ಪರೀಕ್ಷೆಯಲ್ಲಿ ಬರೆದು ಪಾಸಾದವರೂ ಹಾಗೆಂದುಕೊಂಡಿರುತ್ತಾರೆ.

ಯಾವ ಕೋಶ ಏನಾಗಬೇಕು ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಅದು ಯಾವಾಗ ಇಳಿಯಿತು, ಗೆರೆಯ ಯಾವ ಜಾಗದಲ್ಲಿ ಇಳಿಯಿತು ಎಂಬುದು. ಗೆರೆಯ ತಲೆಭಾಗದ ಗಂಟಿನಲ್ಲಿ ಇಳಿದದ್ದು ಮೈಯ ಉದ್ದಕ್ಕೂ ಹಾಯುವ ನಡುಗಂಬದ, ಅಂದರೆ ನೋಟೊಕಾರ್ಡಿನ, ಭಾಗವಾಗುತ್ತದೆ. ಅದರ ಪಕ್ಕದಲ್ಲೇ ಇಳಿದದ್ದು ಬೆನ್ನುಮೂಳೆ, ಬೆನ್ನಿನ ಸ್ನಾಯು. ಇನ್ನೂ ಹಿಂದೆ ಇಳಿದದ್ದಕ್ಕೆ ಬೇರೆ ಬೇರೆ ಹಾದಿ. ಬಿಎಂಪಿ, ವಿಂಟ್, ನೋಡಲ್ ಎಂಬ ಸಂಕೇತ ಪ್ರೋಟೀನುಗಳ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕೋಶ ತಾನಿರುವ ಕಡೆಯ ಪ್ರಮಾಣಕ್ಕೆ ತಕ್ಕಂತೆ ತನ್ನ ಜೀನುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಆಗ ತೆರೆಯುವ ಜೀನುಗಳಲ್ಲಿ ಮುಖ್ಯವಾದದ್ದು ಬ್ರಾಕ್ಯುರಿ. 1927ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ರಷ್ಯನ್ ವಿಜ್ಞಾನಿ ನಾದಿನ್ ದೊಬ್ರೊವೊಲ್‌ಸ್ಕಾಯಾ-ಜವಾದ್‌ಸ್ಕಾಯಾ ಮೊಂಡುಬಾಲದ ಇಲಿಗಳನ್ನು ಕಂಡರು. ಈ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಬಾಲ ಮೊಂಡು. ಎರಡೂ ಕೆಟ್ಟಿದ್ದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಮೈಯ ಹಿಂಭಾಗವನ್ನು ಕಟ್ಟಲು ಬೇಕಾದ ನಡುಪದರವೇ ಅದಕ್ಕೆ ಸರಿಯಾಗಿ ಆಗಿರುವುದಿಲ್ಲ.

ಕೆಲಸ ಮುಗಿದ ಮೇಲೆ ಆದಿರೇಖೆ ಕುಗ್ಗುತ್ತಾ ಬಂದು ನಾಲ್ಕನೇ ವಾರದ ಹೊತ್ತಿಗೆ ಮಾಯವಾಗಬೇಕು. ಅಪರೂಪಕ್ಕೆ ಪೂರ್ತಿ ಮಾಯವಾಗುವುದಿಲ್ಲ. ಉಳಿದ ಚೂರು ಏನು ಬೇಕಾದರೂ ಆಗಬಲ್ಲ ಕೋಶಗಳದ್ದಲ್ಲವೇ? ಸುಮಾರು 35ರಿಂದ 40 ಸಾವಿರ ಹೆರಿಗೆಗಳಲ್ಲಿ ಒಂದು ಮಗು ಬೆನ್ನ ತುದಿಯಲ್ಲಿ ಗಡ್ಡೆ ಹೊತ್ತು ಹುಟ್ಟುತ್ತದೆ. ಆ ಗಡ್ಡೆಯಲ್ಲೂ ಮೂರು ಪದರದ ಅಂಗಾಂಶ ಸಿಗುತ್ತದೆ.

ನಡುಪದರ ತಟ್ಟೆಯ ಎಲ್ಲ ಕಡೆ ಹರಡುತ್ತದೆ, ಎರಡು ಚುಕ್ಕೆಗಳನ್ನು ಬಿಟ್ಟು. ತಲೆಯ ಕಡೆ ಒಂದು, ಬಾಲದ ಕಡೆ ಒಂದು. ಅಲ್ಲಿ ಹೊರಪದರ, ಒಳಪದರ ನೇರ ಅಂಟಿಕೊಂಡಿರುತ್ತವೆ. ನಡುವೆ ರಕ್ತನಾಳ ತರುವ ಪದರವಿಲ್ಲದ ಕಾರಣ ಆ ಪೊರೆ ಬಾಳುವುದಿಲ್ಲ. ಮುಂದೆ ಹರಿದು ತೂತಾಗುತ್ತದೆ. ಮೊದಲನೆಯದು ಬಾಯಿ. ಎರಡನೆಯದು ಮಲಮೂತ್ರದ ದಾರಿ. ಬಾಲದ ಕಡೆಯ ಈ ಭಾಗದ ಬೆಳವಣಿಗೆ ಸರಿಯಾಗಿ ಆಗದಿದ್ದರೆ ಮಗು ಗುದದ್ವಾರವಿಲ್ಲದೆ ಹುಟ್ಟುತ್ತದೆ, ಹುಟ್ಟಿದ ಒಂದೆರಡು ದಿನದಲ್ಲೇ ಸರ್ಜನ್ ಬಳಿ ಒಯ್ಯಬೇಕಾಗುತ್ತದೆ.

ಎಡ-ಬಲದ ಕತೆ ಇನ್ನೂ ಸೋಜಿಗದ್ದು. ಗೆರೆಯ ತುದಿಯ ಗಂಟಿನಲ್ಲಿರುವ ಕೋಶಗಳಿಗೆ ಒಂದೊಂದು ಸೂಕ್ಷ್ಮ ರೋಮ. ಆ ರೋಮಗಳು ಒಂದೇ ದಿಕ್ಕಿಗೆ ಗಿರಗಿರ ತಿರುಗಿ ಮೇಲಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ. ಆ ಪುಟ್ಟ ಪ್ರವಾಹ ಎಡಭಾಗದಲ್ಲಿ ನೋಡಲ್ ಜೀನನ್ನು ಎಬ್ಬಿಸುತ್ತದೆ; ಹೃದಯ ಎಡಕ್ಕೆ, ಯಕೃತ್ತು ಬಲಕ್ಕೆ ಎಂಬುದು ಅಲ್ಲಿಂದ ಹೊರಡುತ್ತದೆ. ಇಲಿಯ ಭ್ರೂಣದಲ್ಲಿ ಇದನ್ನು 1998ರಲ್ಲಿ ತೋರಿಸಿದ್ದು ಟೋಕಿಯೋದ ನೊಬುಟಾಕಾ ಹಿರೊಕಾವಾ ಅವರ ಪ್ರಯೋಗಾಲಯ. ರೋಮ ಹುಟ್ಟಿನಿಂದಲೇ ಕೆಟ್ಟಿದ್ದರೆ ಎಡ-ಬಲ ಅದೃಷ್ಟಕ್ಕೆ ಬಿಟ್ಟ ಮಾತು: ಅಂಥವರಲ್ಲಿ ಸುಮಾರು ಅರ್ಧ ಜನರಿಗೆ ಹೃದಯ ಬಲಕ್ಕಿರುತ್ತದೆ, ಉಳಿದ ಅಂಗಗಳೂ ಅದಲುಬದಲು. ಅದೇ ಜಾತಿಯ ರೋಮಗಳು ಶ್ವಾಸನಾಳದ ಕಫವನ್ನು ಮೇಲೆ ತಳ್ಳಬೇಕು, ವೀರ್ಯಾಣುವಿನ ಬಾಲವೂ ಅದೇ ರಚನೆಯದು. ಹಾಗಾಗಿ ಸದಾ ಸೈನಸ್ ತೊಂದರೆ, ಎದೆಯಲ್ಲಿ ಕಫ, ಮಕ್ಕಳಾಗಲಿಲ್ಲ ಎಂದು ಬಂದ ಗಂಡಸಿನ ಎಕ್ಸ್‌ರೇಯಲ್ಲಿ ಹೃದಯ ಬಲಕ್ಕೆ ಕಂಡರೆ ಅನುಭವಿ ವೈದ್ಯರು ಎಲ್ಲವನ್ನೂ ಒಂದೇ ಎಳೆಯಲ್ಲಿ ಕಾಣುತ್ತಾರೆ.

ಮೂರು ಪದರಗಳಿಂದ ಏನೇನಾಯಿತು ಎಂಬ ಪಟ್ಟಿ ಪಿಯುಸಿ ಪುಸ್ತಕದಲ್ಲಿದೆ: ಹೊರಪದರದಿಂದ ಚರ್ಮ ಮತ್ತು ನರಮಂಡಲ, ನಡುಪದರದಿಂದ ಮೂಳೆ, ಸ್ನಾಯು, ರಕ್ತ, ಹೃದಯ, ಮೂತ್ರಪಿಂಡ, ಒಳಪದರದಿಂದ ಕರುಳಿನ ಒಳಗೋಡೆ, ಶ್ವಾಸಕೋಶ, ಯಕೃತ್ತು, ಮೇದೋಜೀರಕ ಗ್ರಂಥಿ. ತಪ್ಪಲ್ಲ. ಆದರೆ ಬಾಯಿಪಾಠ ಮಾಡಿದವರಿಗೆ ಒಂದೊಂದು ಅಂಗವೂ ಒಂದೊಂದು ಪದರದ ಸ್ವತ್ತು ಎಂಬ ಭಾವನೆ ಬಂದುಬಿಡುತ್ತದೆ. ನಿಜಸ್ಥಿತಿ ಬೇರೆ. ಕರುಳಿನ ಒಂದು ತುಂಡನ್ನೇ ನೋಡಿ. ತಿಂದದ್ದನ್ನು ಹೀರಿಕೊಳ್ಳುವ ಒಳಗೋಡೆ ಒಳಪದರದ್ದು. ಅದನ್ನು ಹಿಂಡಿ ಮುಂದಕ್ಕೆ ತಳ್ಳುವ ಸ್ನಾಯು ನಡುಪದರದ್ದು. ಯಾವಾಗ ಹಿಂಡಬೇಕು ಎಂದು ಹೇಳುವ ನರಕೋಶಗಳು ಬೆನ್ನಿನ ಕಡೆಯ ಹೊರಪದರದಿಂದ ಹೊರಟು, ಮೈಯೊಳಗೆ ದೂರದ ದಾರಿ ನಡೆದು ಬಂದು ಸೇರಿಕೊಂಡವು. ಆ ನರಕೋಶಗಳು ಕರುಳಿನ ಕೊನೆಯತನಕ ತಲುಪದಿದ್ದರೆ ಅಷ್ಟು ಭಾಗ ಹಿಂಡುವುದೇ ಇಲ್ಲ. ಮಗುವಿನ ಹೊಟ್ಟೆ ಉಬ್ಬುತ್ತದೆ, ಮಲ ಹೋಗುವುದಿಲ್ಲ. ಹಿರ್ಷ್‌ಸ್ಪ್ರಂಗ್ ಕಾಯಿಲೆ ಅದು. ನರವಿಲ್ಲದ ಭಾಗವನ್ನು ಕತ್ತರಿಸಿ ತೆಗೆಯುವುದೇ ಚಿಕಿತ್ಸೆ.

ಹೀಗೆ ನಡೆದು ಹೋಗುವ ಕೋಶಗಳಿಗೆ ನ್ಯೂರಲ್ ಕ್ರೆಸ್ಟ್ ಎಂದು ಹೆಸರು. ಮುಂದೆ ಮಿದುಳು, ಬೆನ್ನುಹುರಿ ಆಗುವ ನರನಾಳ ಮುಚ್ಚುವಾಗ ಅದರ ಅಂಚಿನಿಂದ ಕಳಚಿಕೊಂಡು ಹೊರಡುವ ಗುಂಪು. ಇದನ್ನು ನಾಲ್ಕನೇ ಪದರ ಎಂದೇ ಎಣಿಸಬೇಕು ಎನ್ನುವವರಿದ್ದಾರೆ. ನನಗೂ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಮುಖದ ಮೂಳೆಗಳಲ್ಲಿ ಹೆಚ್ಚಿನವು ಈ ಕೋಶಗಳಿಂದ ಆದವು. ಮೂಳೆ ನಡುಪದರದ್ದು ಎಂಬ ನಿಯಮ ಕುತ್ತಿಗೆಯಿಂದ ಕೆಳಗೆ ಮಾತ್ರ ಪೂರ್ತಿ ಒಪ್ಪುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೂ ಇವೇ. ಹಲ್ಲಿನ ಎನಾಮಲ್ ಬಾಯಿಯ ಹೊರಪದರದ್ದು, ಅದರ ಕೆಳಗಿನ ಡೆಂಟಿನ್ ನ್ಯೂರಲ್ ಕ್ರೆಸ್ಟಿನದು; ಇಬ್ಬರೂ ಎದುರುಬದುರು ನಿಂತು ಒಬ್ಬರಿಗೊಬ್ಬರು ಸೂಚನೆ ಕೊಡದಿದ್ದರೆ ಹಲ್ಲು ಆಗುವುದೇ ಇಲ್ಲ. ಮೂತ್ರಪಿಂಡದ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಯಂತೂ ಎರಡು ಮನೆತನ ಕೂಡಿ ಕಟ್ಟಿದ ಮನೆ: ಸುತ್ತಲಿನ ಭಾಗ ನಡುಪದರದ್ದು, ಒಳಗಿನ ತಿರುಳು ಇದೇ ಅಲೆಮಾರಿ ಕೋಶಗಳದ್ದು. ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಆ ತಿರುಳಿನಿಂದ ಬರುತ್ತದೆ.

ಪದರಗಳ ಸುಳಿವು ಮೊದಲು ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. ರಿಗಾ ಊರಿನ ಸಿರಿವಂತ ಬ್ಯಾಂಕರನ ಮಗ ಕ್ರಿಶ್ಚಿಯನ್ ಪಾಂಡರ್ ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಟ್ಟು, ಹೊತ್ತು ಹೊತ್ತಿಗೆ ಒಡೆದು ನೋಡಿದ. 1817ರ ಅವನ ಪ್ರಬಂಧದಲ್ಲಿ ಮೂರು ಪದರಗಳ ವಿವರ ಬಂತು. ಮೊಟ್ಟೆಗೂ ಚಿತ್ರ ಬರೆಯುವ ಕಲಾವಿದನ ಕೂಲಿಗೂ ದುಡ್ಡು ಬೇಕಿತ್ತು, ಅವನ ಬಳಿ ಇತ್ತು. ಅದೇ ಕೆಲಸ ಮಾಡುವ ಆಸೆಯಿದ್ದೂ ಕೈಯಲ್ಲಿ ಕಾಸಿಲ್ಲದ ಗೆಳೆಯ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಮುಂದೆ ಬೇರೆ ಪ್ರಾಣಿಗಳಲ್ಲೂ ಪದರಗಳನ್ನು ತೋರಿಸಿ ಈ ಶಾಸ್ತ್ರದ ತಂದೆ ಎನ್ನಿಸಿಕೊಂಡ. ಪಾಂಡರ್ ಭೂವಿಜ್ಞಾನದ ಕಡೆ ಹೊರಟುಹೋದ. ಯಾವ ಪದರದ ಕೋಶದಿಂದ ಯಾವ ಅಂಗಾಂಶ ಎಂದು ಸೂಕ್ಷ್ಮದರ್ಶಕದಲ್ಲಿ ಪತ್ತೆ ಹಚ್ಚಿದವನು ಬರ್ಲಿನ್ನಿನ ರಾಬರ್ಟ್ ರೆಮಾಕ್, 1850ರ ದಶಕದಲ್ಲಿ. ಅವನು ಯೆಹೂದಿ. ಮತ ಬದಲಿಸಲು ಒಪ್ಪಲಿಲ್ಲ. ಪೂರ್ಣ ಪ್ರಾಧ್ಯಾಪಕನ ಹುದ್ದೆ ಕೊನೆಗೂ ಸಿಗಲಿಲ್ಲ.

ಪದರಗಳು ತಾವಾಗಿಯೇ ಅಂಗವಾಗುತ್ತವೆಯೋ, ಯಾರಾದರೂ ಹೇಳಿಕೊಡಬೇಕೋ? ಇದಕ್ಕೆ ಉತ್ತರ ಕಂಡವಳು ಹಿಲ್ಡೆ ಮಾಂಗೋಲ್ಡ್, ಫ್ರೈಬರ್ಗಿನಲ್ಲಿ ಹಾನ್ಸ್ ಸ್ಪೆಮಾನ್ ಬಳಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಬಿಳಿಚು ಬಣ್ಣದ ನ್ಯೂಟ್ ಎಂಬ ಉಭಯಚರದ ಭ್ರೂಣದಿಂದ ಒಂದು ಚೂರನ್ನು, ಕೋಶಗಳು ಒಳಗಿಳಿಯುವ ಬಾಯಿಯ ಮೇಲಂಚಿನದನ್ನು, ಕತ್ತರಿಸಿ ಕಪ್ಪು ಬಣ್ಣದ ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ನೆಟ್ಟಳು. ಅಲ್ಲಿ ಎರಡನೇ ಭ್ರೂಣವೇ ಎದ್ದಿತು, ಬೆನ್ನು, ನರನಾಳ ಸಮೇತ. ನೋಡಿದರೆ ಆ ನರನಾಳದ ಬಹುಪಾಲು ಕಪ್ಪು ಕೋಶಗಳು. ನೆಟ್ಟ ಚೂರು ತಾನೊಂದೇ ಬೆಳೆಯಲಿಲ್ಲ. ಚರ್ಮವಾಗಬೇಕಿದ್ದ ನೆರೆಯವರನ್ನು ಮಿದುಳಿನ ದಾರಿಗೆ ತಿರುಗಿಸಿತು. ಆ ಚೂರಿಗೆ ಸಂಘಟಕ ಎಂಬ ಹೆಸರು ಬಂತು. ಪ್ರಬಂಧ ಅಚ್ಚಾದ 1924ರಲ್ಲೇ ಹಿಲ್ಡೆ ಅಡುಗೆಮನೆಯಲ್ಲಿ ಹೀಟರ್‌ನಿಂದ ಹತ್ತಿದ ಬೆಂಕಿಗೆ ಸಿಕ್ಕಿ ತೀರಿಕೊಂಡಳು. ಇನ್ನೂ 25 ವರ್ಷ. 1935ರ ನೊಬೆಲ್ ಸ್ಪೆಮಾನ್ ಒಬ್ಬರಿಗೇ ಸಂದಿತು. ಸಂಘಟಕ ಮಾಡುವುದೇನು ಎಂಬುದು ಗೊತ್ತಾಗಲು ಆ ಪ್ರಬಂಧದಿಂದ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಹೊರಪದರಕ್ಕೆ ಚರ್ಮವಾಗು ಎಂಬ ಸಂದೇಶ ಬಿಎಂಪಿ ಪ್ರೋಟೀನಿನಿಂದ ಸದಾ ಬರುತ್ತಿರುತ್ತದೆ. ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳನ್ನು ಸ್ರವಿಸಿ ಸಂಘಟಕ ಆ ಸಂದೇಶವನ್ನು ತಡೆಯುತ್ತದೆ. ತಡೆದರೆ ಸಾಕು, ಹೊರಪದರ ನರದ ಹಾದಿ ಹಿಡಿಯುತ್ತದೆ.

ಕೋಳಿಯದಾಯಿತು, ನ್ಯೂಟಿನದಾಯಿತು. ಮನುಷ್ಯರದನ್ನು ನೋಡಿದ್ದು ಹೇಗೆ? ಅಮೆರಿಕದ ಬ್ರೂಕ್‌ಲೈನಿನ ಹೆಂಗಸರ ಆಸ್ಪತ್ರೆಯಲ್ಲಿ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್ ಎಂಬ ವೈದ್ಯರು 1938ರಿಂದ ಹದಿನೈದು ವರ್ಷ ಒಂದು ಕೆಲಸ ಮಾಡಿದರು. ಕಾಯಿಲೆಗಾಗಿ ಗರ್ಭಕೋಶ ತೆಗೆಸಿಕೊಳ್ಳಬೇಕಿದ್ದ ಇನ್ನೂರಕ್ಕೂ ಹೆಚ್ಚು ಹೆಂಗಸರಿಗೆ, ಆಪರೇಷನ್ನಿಗೆ ಮುಂಚಿನ ತಿಂಗಳು ಮುಟ್ಟಿನ ದಿನವನ್ನೂ ಗಂಡನ ಜೊತೆ ಕೂಡಿದ ದಿನವನ್ನೂ ಬರೆದಿಡಲು ಹೇಳಿದರು. ತೆಗೆದ ಗರ್ಭಕೋಶಗಳಲ್ಲಿ ಹುಡುಕಿದಾಗ 34 ಭ್ರೂಣ ಸಿಕ್ಕವು, ಎಲ್ಲ ಮೊದಲ ಹದಿನೇಳು ದಿನಗಳೊಳಗಿನವು. ಮನುಷ್ಯ ಭ್ರೂಣದ ಆರಂಭದ ಬಗ್ಗೆ ಪಠ್ಯಪುಸ್ತಕಗಳಲ್ಲಿರುವ ಎಷ್ಟೋ ಚಿತ್ರಗಳ ಮೂಲ ಅದು. ಇಂದಿನ ಯಾವ ನೀತಿ ಸಮಿತಿಯೂ ಅಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡಲಾರದು, ಕೊಡಬಾರದು ಕೂಡ. ಆದರೆ ಆ ಚಿತ್ರಗಳಿಲ್ಲದೆ ಇಂದಿನ ಯಾವ ವೈದ್ಯರೂ ಕಲಿತಿಲ್ಲ.

ಈಗಿನ ನಿಯಮ ಆದಿರೇಖೆಯಲ್ಲೇ ಗೆರೆ ಎಳೆದಿದೆ. ಪ್ರಯೋಗಾಲಯದಲ್ಲಿ ಮನುಷ್ಯ ಭ್ರೂಣವನ್ನು 14 ದಿನ ದಾಟಿಸಬಾರದು. ಬ್ರಿಟನ್ನಿನಲ್ಲಿ ವಾರ್ನಾಕ್ ಸಮಿತಿ 1984ರಲ್ಲಿ ಹೇಳಿದ್ದು 1990ರಲ್ಲಿ ಕಾನೂನಾಯಿತು. ನಮ್ಮ ಐಸಿಎಂಆರ್ ಮಾರ್ಗಸೂಚಿಯೂ 14 ದಿನ ಅಥವಾ ಆದಿರೇಖೆ, ಯಾವುದು ಮೊದಲೋ ಅದು ಎನ್ನುತ್ತದೆ. ಹದಿನಾಲ್ಕೇ ಯಾಕೆ? ಅಲ್ಲಿಯತನಕ ಒಂದು ಭ್ರೂಣ ಒಡೆದು ಅವಳಿಯಾಗಬಹುದು. ಗೆರೆ ಮೂಡಿತೆಂದರೆ ಒಬ್ಬರೇ ಎಂದು ತೀರ್ಮಾನವಾದಂತೆ. ಎರಡು ಗೆರೆ ಮೂಡಿ ಪೂರ್ತಿ ಬೇರೆಯಾಗದಿದ್ದರೆ ಸಯಾಮಿ ಅವಳಿ.

ಹಾಗಾಗಿ ಅತಿ ಮುಖ್ಯವಾದ ವಾರವೇ ವಿಜ್ಞಾನಿಗಳ ಕಣ್ಣಿಗೆ ಮರೆ. ಆಕ್ಸ್‌ಫರ್ಡಿನ ಶಂಕರ್ ಶ್ರೀನಿವಾಸ್ ಅವರ ತಂಡಕ್ಕೆ ಗರ್ಭಪಾತ ಮಾಡಿಸಿಕೊಂಡ ಮಹಿಳೆಯೊಬ್ಬರು ಒಪ್ಪಿ ದಾನ ಮಾಡಿದ, 16ರಿಂದ 19 ದಿನದ ನಡುವಿನ ಒಂದು ಭ್ರೂಣ ಸಿಕ್ಕಿತು. ಅದರ 1,195 ಕೋಶಗಳಲ್ಲಿ ಯಾವ ಯಾವ ಜೀನು ತೆರೆದಿದೆ ಎಂದು ಒಂದೊಂದಾಗಿ ಓದಿ 2021ರಲ್ಲಿ ಪ್ರಕಟಿಸಿದರು. ರಕ್ತದ ಕೋಶಗಳು ಆಗಲೇ ತಯಾರಾಗಿದ್ದವು. ನರಕೋಶದ ಸುಳಿವು ಇನ್ನೂ ಇರಲಿಲ್ಲ. ಉಳಿದವರು ಆಕರಕೋಶಗಳ (ಸ್ಟೆಮ್ ಸೆಲ್) ಮೊರೆಹೋಗಿದ್ದಾರೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಮನುಷ್ಯ ಭ್ರೂಣದ ಆಕರಕೋಶಗಳ ಎರಡು ತಳಿಗಳನ್ನು ಬೆಳೆಸಿತು. ಇಂಥ ಯಾವುದೇ ತಳಿ ಸಾಚಾ ಎಂದು ಒಪ್ಪಿಸಲು ಮುಖ್ಯ ಪರೀಕ್ಷೆ ಇದು: ಮೂರೂ ಪದರದ ಅಂಗಾಂಶ ಅದರಿಂದ ಬರಬೇಕು.

ನಮ್ಮ ಹಳಬರೂ ಇದರ ಬಗ್ಗೆ ಯೋಚಿಸಿದ್ದರು. ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಬುದ್ಬುದ, ಅರ್ಧ ತಿಂಗಳಿಗೆ ಪಿಂಡ ಎಂದು ಹಂತ ಹೇಳುತ್ತದೆ. ಚರಕಸಂಹಿತೆ ಕೂದಲು, ಉಗುರು, ಹಲ್ಲು, ಮೂಳೆ ತಂದೆಯಿಂದ ಎಂದೂ, ಚರ್ಮ, ರಕ್ತ, ಮಾಂಸ, ಹೃದಯ, ಯಕೃತ್ತು ತಾಯಿಯಿಂದ ಎಂದೂ ಹಂಚುತ್ತದೆ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಇದನ್ನು ವಾಟ್ಸ್‌ಆ್ಯಪಿನಲ್ಲಿ ಹಂಚುವವರಿದ್ದಾರೆ. ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಗೊತ್ತಾಗುವ ಬಾಬತ್ತಲ್ಲ ಇದು. ಅಂಗಗಳೆಲ್ಲ ಕೆಲವೇ ಮೂಲಗಳಿಂದ ಬಂದಿರಬೇಕು ಎಂಬ ಪ್ರಶ್ನೆ ಅವರಿಗೆ ಹೊಳೆದಿತ್ತು ಎಂಬುದೇ ಸಾಕಷ್ಟು ದೊಡ್ಡ ಮಾತು.

ಈಗ ನರನಾಳಕ್ಕೆ ಬರೋಣ, ಯಾಕೆಂದರೆ ಈ ಶಾಸ್ತ್ರ ಮನೆಮನೆಯ ಮಾತಾಗಬೇಕಾದದ್ದು ಇಲ್ಲಿ. ನಡುಗಂಬದ ಸೂಚನೆಯಂತೆ ಅದರ ಮೇಲಿನ ಹೊರಪದರ ದಪ್ಪಗಾಗಿ, ಎರಡೂ ಅಂಚು ಏಳುತ್ತವೆ. ಕರ್ಜಿಕಾಯಿಯ ಅಂಚನ್ನು ನಡುವೆ ಮೊದಲು ಒತ್ತಿ ಆಮೇಲೆ ಎರಡೂ ತುದಿಗೆ ಒತ್ತುತ್ತಾ ಹೋಗುವಂತೆ, ನಾಳ ಕುತ್ತಿಗೆಯ ಬಳಿ ಮೊದಲು ಮುಚ್ಚಿ ತಲೆಯ ಕಡೆಗೂ ಸೊಂಟದ ಕಡೆಗೂ ಮುಚ್ಚುತ್ತಾ ಸಾಗುತ್ತದೆ. ತಲೆಯ ತುದಿ 25ನೇ ದಿನದ ಆಸುಪಾಸು, ಸೊಂಟದ ತುದಿ 28ನೇ ದಿನದೊಳಗೆ ಮುಚ್ಚಬೇಕು. ಮೇಲಿನದು ಮುಚ್ಚದಿದ್ದರೆ ಮಿದುಳು ಬೆಳೆಯದ ಮಗು, ಅದು ಬದುಕುವುದಿಲ್ಲ. ಕೆಳಗಿನದು ಮುಚ್ಚದಿದ್ದರೆ ಸ್ಪೈನಾ ಬೈಫಿಡಾ: ಬೆನ್ನಲ್ಲಿ ತೆರೆದ ಗಾಯ, ಕಾಲಿಗೆ ಬಲವಿಲ್ಲ, ಮೂತ್ರದ ಮೇಲೆ ಹಿಡಿತವಿಲ್ಲ, ಎಷ್ಟೋ ಮಕ್ಕಳಿಗೆ ತಲೆಯಲ್ಲಿ ನೀರು ತುಂಬಿ ಅದನ್ನು ಹರಿಸುವ ಷಂಟ್ ಎಂಬ ಕೊಳವೆ ಹಾಕಬೇಕಾಗುತ್ತದೆ.

ದಾವಣಗೆರೆಯ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿ ಅಲ್ಲಿನ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನರನಾಳದ ದೋಷ ಸಾವಿರ ಹೆರಿಗೆಗೆ 11ರಷ್ಟಿತ್ತು. ಆಸ್ಪತ್ರೆಯ ಲೆಕ್ಕ, ಇಡೀ ಜಿಲ್ಲೆಯದಲ್ಲ. ಆದರೂ ದಂಗುಬಡಿಸುವಷ್ಟು ಹೆಚ್ಚು. ಸೋದರಮಾವ, ಅತ್ತೆಮಗಳು ಎಂದು ಒಳಗೊಳಗೇ ಮದುವೆಯಾಗುವುದೂ ಒಂದು ಕಾರಣವೆಂದು ಅವರು ಗುರುತಿಸಿದ್ದರು.

ಇದನ್ನು ಬಹುಮಟ್ಟಿಗೆ ತಡೆಯಬಹುದು, ಅದೂ ಕೆಲವೇ ಪೈಸೆಯ ಮಾತ್ರೆಯಿಂದ. ಆ ಮಾತ್ರೆಯ ಕತೆ ನಮ್ಮ ನೆಲದಲ್ಲೇ ಶುರುವಾದದ್ದು. 1928ರಲ್ಲಿ ಬೊಂಬಾಯಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಗಿರಣಿ ಕೆಲಸದ ಬಡ ಬಸುರಿಯರ ರಕ್ತಹೀನತೆಗೆ ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟು ಗುಣಪಡಿಸಿದರು. ಅದರಲ್ಲಿದ್ದದ್ದು ಫೋಲಿಕ್ ಆ್ಯಸಿಡ್ ಎಂದು ಆಮೇಲೆ ತಿಳಿಯಿತು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಭೀಮವರಂನ ಯೆಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ತಂಡ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಏಳು ದೇಶಗಳ ಪರೀಕ್ಷೆ ಗಟ್ಟಿ ಸಾಕ್ಷ್ಯ ಕೊಟ್ಟಿತು: ಹಿಂದೊಮ್ಮೆ ಇಂಥ ಮಗುವಾಗಿದ್ದ ಹೆಂಗಸರು ಗರ್ಭ ನಿಲ್ಲುವ ಮೊದಲಿನಿಂದ ಫೋಲಿಕ್ ಆ್ಯಸಿಡ್ ತೆಗೆದುಕೊಂಡಾಗ ಮತ್ತೆ ಹಾಗಾಗುವ ಸಾಧ್ಯತೆ ಶೇಕಡಾ 72ರಷ್ಟು ಇಳಿಯಿತು.

ಗರ್ಭ ನಿಲ್ಲುವ ಮೊದಲಿನಿಂದ ಎಂಬುದನ್ನು ಗಮನಿಸಿ. ನಮ್ಮಲ್ಲಿ ನಡೆಯುವುದು ಬೇರೆ. ಮುಟ್ಟು ನಿಂತು, ಎರಡನೇ ತಿಂಗಳು ಕಳೆದು, ಮನೆಯ ಹಿರಿಯರಿಗೆ ಹೇಳಿ, ಮೂರನೇ ತಿಂಗಳಲ್ಲಿ ಕಾರ್ಡ್ ಮಾಡಿಸಲು ಹೋದಾಗ ಕೈಗೆ ಮಾತ್ರೆ ಬರುತ್ತದೆ. ರಕ್ತಹೀನತೆಗೆ ಅದು ಆಗಲೂ ಬೇಕು. ನರನಾಳಕ್ಕೆ ಮಾತ್ರ ಅದರಿಂದ ಏನೂ ಪ್ರಯೋಜನವಿಲ್ಲ, ಅದು ಮುಚ್ಚಿಯೋ ಮುಚ್ಚದೆಯೋ ಆಗಲೇ ತಿಂಗಳಾಗಿರುತ್ತದೆ. ಸಾರವರ್ಧಿತ ಅಕ್ಕಿಯಲ್ಲಿ ಫೋಲಿಕ್ ಆ್ಯಸಿಡ್ ಇದೆಯಲ್ಲ ಎನ್ನಬಹುದು. ಮಾನದಂಡದಂತೆ ಒಂದು ಕಿಲೋ ಅಕ್ಕಿಗೆ ಇರಬೇಕಾದದ್ದು 75ರಿಂದ 125 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು 400.

ಮಾತ್ರೆಯೊಂದೇ ಅಲ್ಲ. ಮೂರು-ನಾಲ್ಕನೇ ವಾರದಲ್ಲಿ ತಾಯಿಯ ಸಕ್ಕರೆ ಹತೋಟಿ ತಪ್ಪಿದ್ದರೆ ಮಗುವಿನ ಹೃದಯ, ನರನಾಳ, ಬೆನ್ನಿನ ಕೆಳಭಾಗಕ್ಕೆ ಪೆಟ್ಟು ಬೀಳಬಹುದು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ನರನಾಳದ ದೋಷ ಹೆಚ್ಚಿಸುತ್ತದೆ. ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ನ್ಯೂರಲ್ ಕ್ರೆಸ್ಟ್ ಕೋಶಗಳನ್ನು ಹಾಳುಮಾಡಿ ಕಿವಿ, ಮುಖ, ಹೃದಯದ ದೋಷ ತರುತ್ತದೆ. ಮೊಡವೆ ಮಾತ್ರೆಯನ್ನು ಚೀಟಿ ಇಲ್ಲದೆ ಕೊಳ್ಳುವ ಹುಡುಗಿಯರಿಗೆ ಇದನ್ನು ಯಾರಾದರೂ ಹೇಳುತ್ತಾರೆಯೇ?

ಮದುವೆಯಾಗಿ ಮಗುವಿನ ಯೋಚನೆಯಲ್ಲಿರುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ಡನ್ನು ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಿ, ಗರ್ಭ ನಿಂತ ಮೇಲೂ ಮೂರು ತಿಂಗಳು ಮುಂದುವರಿಸಿ. ಹಿಂದೊಮ್ಮೆ ಇಂಥ ದೋಷದ ಮಗುವಾಗಿದ್ದರೆ ಇದರ ಹತ್ತು ಪಟ್ಟು ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆದುಕೊಡಲಿ. ಸಕ್ಕರೆ ಕಾಯಿಲೆ, ಮೂರ್ಛೆರೋಗ ಇರುವವರು ಆ ಕಾಯಿಲೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ಗರ್ಭ ನಿಲ್ಲುವ ಮೊದಲೇ ಒಮ್ಮೆ ವೈದ್ಯರನ್ನು ಕಂಡು ಔಷಧ ಬದಲಿಸಬೇಕೇ ಎಂದು ಕೇಳಿ. ಮದುವೆಯ ಮನೆಯಲ್ಲಿ ಹುಡುಗಿಗೆ ಸೀರೆ ಒಡವೆ ಕೊಡುವ ಚಿಕ್ಕಮ್ಮ, ಅತ್ತಿಗೆಯರು ಯಾರಾದರೂ ಈ ಮಾತನ್ನೂ ಅವಳ ಕಿವಿಗೆ ಹಾಕಿದರೆ ಒಳ್ಳೆಯದು.